ಭೌತಶಾಸ್ತ್ರದ ಜಮಾ-ಖರ್ಚು

ಕಾಮರ್ಸ್ ವಿಭಾಗದವಳಿಗೆ ಭೌತಶಾಸ್ತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನ ಖಾಲಾ ಅವರ ಮಗಳು ಇದೇ ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾಳೆ. ದ್ವಿತೀಯ ಪಿಯುಸಿ ಪರೀಕ್ಷೆ, ಅದರ ಬೆನ್ನಿಗೇ ಕೆಸಿಇಟಿ. ಅವಳು ಓದುವಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ನನ್ನದು. ಹೀಗೆ ಕೇಳುತ್ತಾ ಕೇಳುತ್ತಾ ಒಂದು ವಿಷಯ ಗಮನಕ್ಕೆ ಬಂತು. ಸೂತ್ರ ನೆನಪಿದ್ದ ದಿನ ಅವಳು ಪಟಪಟನೆ ಉತ್ತರ ಹೇಳುತ್ತಾಳೆ. ಸೂತ್ರ ಮರೆತ ದಿನ ಲೆಕ್ಕದ ಮೊದಲ ಸಾಲನ್ನೂ ಬರೆಯಲಾರಳು. ವಿಜ್ಞಾನ ವಿಭಾಗದ ಅನೇಕ ಗೆಳತಿಯರ ಭಯವೂ ಇದೇ: ಪರೀಕ್ಷೆ ಕೋಣೆಯಲ್ಲಿ ಸೂತ್ರ ಮರೆತರೆ ಏನು ಗತಿ?

ಅದಕ್ಕೆ ನಮ್ಮ ಅಕೌಂಟೆನ್ಸಿಯಲ್ಲಿ ಒಂದು ಉಪಾಯವಿದೆ. ಯಾವ ಖಾತೆಗೆ ಎಷ್ಟು ಬಂತು, ಯಾವುದರಿಂದ ಎಷ್ಟು ಹೋಯಿತು, ಕೊನೆಗೆ ಎರಡೂ ಬದಿ ತಾಳೆಯಾಯಿತೇ ಎಂದು ಕೇಳುತ್ತಾ ಹೋಗುವುದು. ಭೌತಶಾಸ್ತ್ರದ ಸಂರಕ್ಷಣಾ ನಿಯಮಗಳು ಇದನ್ನೇ ಹೇಳುತ್ತವೆ. ಶಕ್ತಿ, ಸಂವೇಗ, ವಿದ್ಯುದಾವೇಶ ಇವೆಲ್ಲ ಖಾತೆಗಳು. ಪ್ರಕೃತಿ ಈ ಲೆಕ್ಕದಲ್ಲಿ ಒಂದು ಪೈಸೆಯನ್ನೂ ತಪ್ಪಿಸುವುದಿಲ್ಲ. ನಮ್ಮ ಮನೆಮಾತು ಉರ್ದು. ಅಲ್ಲಿಯ ಜಮಾ, ಖರ್ಚು, ಬಾಕಿ ಎಂಬ ಪದಗಳೇ ಕನ್ನಡದ ಅಂಗಡಿ ಲೆಕ್ಕದಲ್ಲೂ ಇರುವುದರಿಂದ ಈ ಲೇಖನದಲ್ಲಿ ಅವನ್ನೇ ಬಳಸುತ್ತೇನೆ. ಯಂತ್ರಶಾಸ್ತ್ರ, ಕ್ಷೇತ್ರಗಳು, ನ್ಯೂಕ್ಲಿಯಸ್ ಮತ್ತು ಕಣಗಳು ಈ ಮೂರು ಭಾಗಗಳನ್ನು ಒಂದೇ ದಾರದಲ್ಲಿ ಪೋಣಿಸಿ ಪುನರಾವರ್ತನೆ ಮಾಡೋಣ.

ಮೊದಲು ಮೂರು ಪ್ರಶ್ನೆ

ಯಾವುದೇ ಲೆಕ್ಕ ಬಿಡಿಸುವ ಮೊದಲು ರಫ್ ಕಾಗದದಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ಯಾರ ಪುಸ್ತಕ? ಅಂಗಡಿಯ ಲೆಕ್ಕ ಬೇರೆ, ಮಾಲೀಕನ ಮನೆಯ ಲೆಕ್ಕ ಬೇರೆ ಎಂಬುದು ಅಕೌಂಟೆನ್ಸಿಯ ಮೊದಲ ಪಾಠ. ಇಲ್ಲಿಯೂ ಅಷ್ಟೇ. ಒಂದು ಚೆಂಡನ್ನು ಮಾತ್ರ ನೋಡುತ್ತೀರೋ, ಚೆಂಡು ಮತ್ತು ಭೂಮಿ ಎರಡನ್ನೂ ಸೇರಿಸಿ ನೋಡುತ್ತೀರೋ ಎಂದು ಮೊದಲೇ ತೀರ್ಮಾನಿಸಿ. ಇದನ್ನೇ ವ್ಯವಸ್ಥೆ ಎನ್ನುತ್ತಾರೆ.

2. ಯಾವ ಖಾತೆ? ಶಕ್ತಿಯೋ, ಸಂವೇಗವೋ, ಆವೇಶವೋ? ಹೊರಗಿನಿಂದ ಅದಕ್ಕೆ ಏನಾದರೂ ಜಮಾ ಆಗುತ್ತಿದೆಯೇ?

3. ಆರಂಭದ ಶಿಲ್ಕು ಎಷ್ಟು, ಕೊನೆಯ ಶಿಲ್ಕು ಎಷ್ಟು? ಹೊರಗಿನಿಂದ ಏನೂ ಬಾರದಿದ್ದರೆ ಎರಡೂ ಸಮ. ಬಂದಿದ್ದರೆ ವ್ಯತ್ಯಾಸವೇ ಆ ಹೊರಗಿನ ಮೊತ್ತ.

ಯಂತ್ರಶಾಸ್ತ್ರ

2 ಕೆಜಿಯ ಒಂದು ಟ್ರಾಲಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದು, ನಿಂತಿರುವ 1 ಕೆಜಿ ಟ್ರಾಲಿಗೆ ಡಿಕ್ಕಿ ಹೊಡೆದು ಅದಕ್ಕೆ ಅಂಟಿಕೊಳ್ಳುತ್ತದೆ ಎನ್ನೋಣ. ಸಂವೇಗದ ಆರಂಭದ ಶಿಲ್ಕು 2 × 6 = 12. ನಂತರ ಒಟ್ಟು 3 ಕೆಜಿ ಸಾಗುತ್ತಿದೆ. ಶಿಲ್ಕು ಅದೇ 12 ಆಗಬೇಕು, ಆದ್ದರಿಂದ ವೇಗ ಸೆಕೆಂಡಿಗೆ 4 ಮೀಟರ್.

ಈಗ ಚಲನ ಶಕ್ತಿ ನೋಡಿ. ಮೊದಲು ಅರ್ಧ × 2 × 36 = 36 ಜೂಲ್. ನಂತರ ಅರ್ಧ × 3 × 16 = 24 ಜೂಲ್. 12 ಜೂಲ್ ಎಲ್ಲಿಗೆ ಹೋಯಿತು? ಇಲ್ಲಿ ಹಲವರು ಗಾಬರಿಯಾಗಿ ಉತ್ತರ ಅಳಿಸುತ್ತಾರೆ. ಅಳಿಸಬೇಡಿ. ಚಲನ ಶಕ್ತಿ ಎಂಬುದು ಕೈಯಲ್ಲಿರುವ ನಗದಿನ ಹಾಗೆ. ಅಂಗಡಿಗೆ ಸರಕು ತಂದರೆ ನಗದು ಕಡಿಮೆಯಾಗುತ್ತದೆ, ಒಟ್ಟು ಆಸ್ತಿ ಕಡಿಮೆಯಾಗುವುದಿಲ್ಲ. ಆ 12 ಜೂಲ್ ಶಾಖ, ಶಬ್ದ, ಲೋಹದ ಬಾಗುವಿಕೆ ಎಂಬ ಬೇರೆ ಖಾತೆಗಳಿಗೆ ವರ್ಗವಾಗಿದೆ. ನೆನಪಿಡಬೇಕಾದ ಮಾತು ಇಷ್ಟು: ಹೊರಗಿನ ಬಲವಿಲ್ಲದ ಯಾವುದೇ ಡಿಕ್ಕಿಯಲ್ಲಿ ಸಂವೇಗ ತಾಳೆಯಾಗುತ್ತದೆ. ಚಲನ ಶಕ್ತಿ ತಾಳೆಯಾಗುವುದು ಪೂರ್ಣ ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಮಾತ್ರ.

ಮೇಲಿನಿಂದ ಬೀಳುವ ಕಲ್ಲಿನ ಸಂವೇಗ ಹೆಚ್ಚುತ್ತಾ ಹೋಗುತ್ತದಲ್ಲ, ಅದು ಹೇಗೆ? ಕಲ್ಲೊಂದರದೇ ಪುಸ್ತಕ ತೆರೆದರೆ ಭೂಮಿಯ ಸೆಳೆತ ಹೊರಗಿನ ಜಮಾ. 2 ಕೆಜಿ ಕಲ್ಲಿನ ಮೇಲೆ ಸುಮಾರು 20 ನ್ಯೂಟನ್ ಬಲ 1 ಸೆಕೆಂಡ್ ಇದ್ದರೆ ಸಂವೇಗಕ್ಕೆ 20 ಸೇರುತ್ತದೆ. ಬಲ ಮತ್ತು ಕಾಲದ ಈ ಗುಣಲಬ್ಧವೇ ಇಂಪಲ್ಸ್. ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗದ ಖಾತೆ, ಅದರ ದಿಕ್ಕಿನಲ್ಲಿ ಸಾಗಿದ ದೂರದಿಂದ ಗುಣಿಸಿದರೆ ಶಕ್ತಿಯ ಖಾತೆ. ಪ್ರಶ್ನೆಯಲ್ಲಿ ಕಾಲ ಕೊಟ್ಟಿದ್ದಾರೋ ದೂರ ಕೊಟ್ಟಿದ್ದಾರೋ ನೋಡಿದರೆ ಯಾವ ಖಾತೆ ತೆರೆಯಬೇಕೆಂದು ಸಾಮಾನ್ಯವಾಗಿ ತಿಳಿಯುತ್ತದೆ.

ನ್ಯೂಟನ್ನನ ಮೂರನೇ ನಿಯಮ ನಮ್ಮ ಡಬಲ್ ಎಂಟ್ರಿಗೆ ತೀರಾ ಹತ್ತಿರ. ವೆನಿಸ್ ವ್ಯಾಪಾರಿಗಳ ಡಬಲ್ ಎಂಟ್ರಿ ಪದ್ಧತಿಯನ್ನು ಲೂಕಾ ಪಾಚೋಲಿ 1494ರಲ್ಲಿ ತನ್ನ ಗಣಿತ ಗ್ರಂಥದಲ್ಲಿ ಅಚ್ಚು ಮಾಡಿಸಿದ. ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂದದ್ದು 1687ರಲ್ಲಿ. ಪ್ರತಿ ವ್ಯವಹಾರಕ್ಕೆ ಎರಡು ದಾಖಲೆ, ಅವು ಎರಡು ಬೇರೆ ಬೇರೆ ಖಾತೆಗಳಲ್ಲಿ. ಬಲವೂ ಹಾಗೆಯೇ: ಕ್ರಿಯೆ ಒಂದು ವಸ್ತುವಿನ ಮೇಲೆ, ಪ್ರತಿಕ್ರಿಯೆ ಇನ್ನೊಂದರ ಮೇಲೆ. ಮೇಜಿನ ಮೇಲಿನ ಪುಸ್ತಕದ ತೂಕ ಕೆಳಕ್ಕೆ, ಮೇಜು ಪುಸ್ತಕವನ್ನು ಒತ್ತುವ ಬಲ ಮೇಲಕ್ಕೆ. ಇವೆರಡೂ ಸಮ, ವಿರುದ್ಧ. ಆದರೂ ಇದು ಕ್ರಿಯೆ-ಪ್ರತಿಕ್ರಿಯೆ ಜೋಡಿಯಲ್ಲ, ಏಕೆಂದರೆ ಎರಡೂ ಪುಸ್ತಕವೆಂಬ ಒಂದೇ ಖಾತೆಯಲ್ಲಿವೆ. ಭೂಮಿ ಪುಸ್ತಕವನ್ನು ಸೆಳೆಯುವುದಕ್ಕೆ ಜೋಡಿ ಪುಸ್ತಕ ಭೂಮಿಯನ್ನು ಸೆಳೆಯುವುದು. ಜೋಡಿ ಯಾವುದೆಂದು ಕೇಳಿದರೆ ಖಾತೆಗಳು ಎರಡಿವೆಯೇ ಎಂದು ನೋಡಿ, ಉತ್ತರ ಸಿಕ್ಕಿಬಿಡುತ್ತದೆ.

ಕ್ಷೇತ್ರಗಳು

ವಿಭವ ಎಂಬ ಪದ ಕೇಳಿದರೆ ಹಲವರಿಗೆ ತಲೆನೋವು. ಅರ್ಥಶಾಸ್ತ್ರದಲ್ಲಿ ತಲಾ ಆದಾಯ ಓದುತ್ತೇವಲ್ಲ, ಇದು ತಲಾ ಶಕ್ತಿ. ವಿದ್ಯುತ್ ವಿಭವ ಎಂದರೆ ಒಂದು ಕೂಲಂಬ್ ಆವೇಶದ ಪಾಲಿಗೆ ಬರುವ ಶಕ್ತಿ, ಗುರುತ್ವ ವಿಭವ ಎಂದರೆ ಒಂದು ಕೆಜಿಯ ಪಾಲಿಗೆ ಬರುವ ಶಕ್ತಿ. ಆದ್ದರಿಂದ ಒಂದು ಎಲೆಕ್ಟ್ರಾನ್ 100 ವೋಲ್ಟ್ ವಿಭವಾಂತರ ದಾಟಿದರೆ ಅದಕ್ಕೆ ಸಿಗುವುದು 100 ಎಲೆಕ್ಟ್ರಾನ್-ವೋಲ್ಟ್ ಶಕ್ತಿ. ನಿಂತಲ್ಲಿಂದ ಹೊರಟಿದ್ದರೆ ಅದರ ವೇಗ ಸೆಕೆಂಡಿಗೆ ಸುಮಾರು 59 ಲಕ್ಷ ಮೀಟರ್ ಆಗುತ್ತದೆ. ದಾರಿ ನೇರವೋ ಡೊಂಕೋ ಎಂಬುದು ಈ ಲೆಕ್ಕಕ್ಕೆ ಬೇಕಾಗಿಲ್ಲ.

ಬಿಂದು ಆವೇಶವಾಗಲಿ, ಗೋಳಾಕಾರದ ಗ್ರಹವಾಗಲಿ, ಕೇಂದ್ರದಿಂದ ದೂರ ಎರಡು ಪಟ್ಟಾದರೆ ಕ್ಷೇತ್ರ ಕಾಲು ಭಾಗಕ್ಕೆ ಇಳಿಯುತ್ತದೆ, ವಿಭವದ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಗುರುತ್ವಕ್ಕೂ ವಿದ್ಯುತ್ತಿಗೂ ಇದು ಒಂದೇ. ವ್ಯತ್ಯಾಸವೆಂದರೆ ಗುರುತ್ವ ಸೆಳೆಯುವುದನ್ನು ಮಾತ್ರ ಬಲ್ಲದು, ವಿದ್ಯುತ್ ಸೆಳೆಯಲೂಬಹುದು ತಳ್ಳಲೂಬಹುದು.

ಗುರುತ್ವ ವಿಭವದಲ್ಲಿ ಮೈನಸ್ ಚಿಹ್ನೆ ಏಕೆ? ಅನಂತ ದೂರದಲ್ಲಿ ಲೆಕ್ಕ ಸೊನ್ನೆ ಎಂದು ಒಪ್ಪಿಕೊಂಡಿದ್ದೇವೆ. ಅಲ್ಲಿಂದ ನೋಡಿದರೆ ಭೂಮಿಯ ಮೇಲೆ ನಿಂತಿರುವವರೆಲ್ಲ ಸಾಲಗಾರರು. ಭೂಮಿಯ ಮೇಲ್ಮೈಯಲ್ಲಿ ಪ್ರತಿ ಕೆಜಿಯ ಸಾಲ, 9.8 ಅನ್ನು ಭೂಮಿಯ ತ್ರಿಜ್ಯ 64 ಲಕ್ಷ ಮೀಟರಿನಿಂದ ಗುಣಿಸಿದಷ್ಟು, ಅಂದರೆ ಸುಮಾರು 6.27 ಕೋಟಿ ಜೂಲ್. ಈ ಸಾಲ ಪೂರ್ತಿ ತೀರಿಸುವಷ್ಟು ಚಲನ ಶಕ್ತಿ ಕೊಟ್ಟು ಎಸೆದರೆ ವಸ್ತು ಮರಳಿ ಬರುವುದಿಲ್ಲ. ವೇಗದ ವರ್ಗದ ಅರ್ಧ 6.27 ಕೋಟಿಗೆ ಸಮ ಎಂದು ಬರೆಯಿರಿ, ವೇಗ ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್ ಬರುತ್ತದೆ. ವಿಮೋಚನಾ ವೇಗದ ಸೂತ್ರ ಮರೆತಿದ್ದರೂ ಹೀಗೆ ಅಲ್ಲಿಗೆ ತಲುಪಬಹುದು. ಲೆಕ್ಕ ಒಂದು ಕೆಜಿಗೆ ಇರುವುದರಿಂದ ವಸ್ತುವಿನ ದ್ರವ್ಯರಾಶಿ ಉತ್ತರದಲ್ಲಿ ಏಕೆ ಬರುವುದಿಲ್ಲ ಎಂಬುದೂ ತಾನಾಗಿ ತಿಳಿಯುತ್ತದೆ.

ವೃತ್ತಾಕಾರ ಕಕ್ಷೆಯಲ್ಲಿ ಸುತ್ತುವ ಉಪಗ್ರಹದ ಲೆಕ್ಕ ಇನ್ನೂ ಚೆಂದ. ಅದರ ಸಾಲ 2 ರೂಪಾಯಿ ಎಂದರೆ ಕೈಯಲ್ಲಿ ನಗದು 1 ರೂಪಾಯಿ, ಒಟ್ಟಿನಲ್ಲಿ 1 ರೂಪಾಯಿ ಸಾಲ. ಹೈಡ್ರೋಜನ್ ಪರಮಾಣುವಿನಲ್ಲಿಯೂ ಇದೇ ಅನುಪಾತ. ಕೆಳಗಿನ ಮಟ್ಟದಲ್ಲಿ ಪ್ರಚ್ಛನ್ನ ಶಕ್ತಿ ಮೈನಸ್ 27.2, ಚಲನ ಶಕ್ತಿ ಪ್ಲಸ್ 13.6, ಒಟ್ಟು ಮೈನಸ್ 13.6 ಎಲೆಕ್ಟ್ರಾನ್-ವೋಲ್ಟ್. ಎಲೆಕ್ಟ್ರಾನನ್ನು ಬಿಡಿಸಲು 13.6 ಏಕೆ ಬೇಕು ಎಂದರೆ ಬಾಕಿ ಇರುವ ಸಾಲ ಅಷ್ಟೇ. ಪ್ರಥಮ ಪಿಯುಸಿಯ ಗುರುತ್ವವೂ ದ್ವಿತೀಯ ಪಿಯುಸಿಯ ಪರಮಾಣುವೂ ಒಂದೇ ಪುಟದಲ್ಲಿ ಮುಗಿಯಿತು. ಕೆಸಿಇಟಿಯಲ್ಲಿ ಎರಡೂ ವರ್ಷದ ಪಾಠಗಳು ಬರುವುದರಿಂದ ಇದು ಸಮಯ ಉಳಿಸುತ್ತದೆ.

ಕಾಂತಕ್ಷೇತ್ರದ ಬಲ ಯಾವಾಗಲೂ ಕಣದ ವೇಗಕ್ಕೆ ಲಂಬ. ಹಾಗಾಗಿ ಶಕ್ತಿಯ ಖಾತೆಯಲ್ಲಿ ಏನೂ ದಾಖಲಾಗುವುದಿಲ್ಲ. ಕಣದ ದಿಕ್ಕು ಬದಲಾಗುತ್ತದೆ, ವೇಗದ ಪ್ರಮಾಣ ಬದಲಾಗುವುದಿಲ್ಲ. ಕಾಂತಬಲ ಮಾಡಿದ ಕೆಲಸ ಎಷ್ಟು ಎಂದು ಕೇಳಿದರೆ ಉತ್ತರ ಸೊನ್ನೆ.

ಲೆನ್ಸ್ ನಿಯಮವನ್ನೂ ಉರು ಹೊಡೆಯಬೇಕಾಗಿಲ್ಲ. ಕಾಂತವನ್ನು ಸುರುಳಿಯತ್ತ ತಳ್ಳಿದಾಗ ಪ್ರೇರಿತ ವಿದ್ಯುತ್ ನಮ್ಮನ್ನು ವಿರೋಧಿಸುವ ಬದಲು ಸಹಾಯ ಮಾಡಿತು ಎಂದುಕೊಳ್ಳಿ. ಕಾಂತ ತಾನೇ ವೇಗವಾಗಿ ಒಳಗೆ ಹೋಗುತ್ತದೆ, ವಿದ್ಯುತ್ತೂ ಹೆಚ್ಚುತ್ತದೆ, ಯಾರೂ ಬಿಲ್ ಕಟ್ಟಬೇಕಾಗಿಲ್ಲ. ಖರ್ಚಿಲ್ಲದೆ ಜಮಾ ಆಗುವ ಇಂಥ ಅಂಗಡಿ ಎಲ್ಲಿಯೂ ಇಲ್ಲ. ವಿರೋಧದ ವಿರುದ್ಧ ನಾವು ತಳ್ಳುವ ಕೆಲಸವೇ ವಿದ್ಯುತ್ ಶಕ್ತಿಯಾಗಿ ಬರುತ್ತದೆ. ಕಿರ್ಚಾಫ್‌ನ ಎರಡು ನಿಯಮಗಳೂ ಎರಡು ಖಾತೆಗಳು: ಸಂಧಿಯ ನಿಯಮ ಆವೇಶದ್ದು, ಸುತ್ತಿನ ನಿಯಮ ಶಕ್ತಿಯದ್ದು.

ನ್ಯೂಕ್ಲಿಯಸ್ ಮತ್ತು ಕಣಗಳು

ಇಲ್ಲಿ ದ್ರವ್ಯರಾಶಿಯನ್ನೂ ಶಕ್ತಿಯ ಖಾತೆಗೆ ಸೇರಿಸಬೇಕು. ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದು ಇದನ್ನೇ. ವಿನಿಮಯ ದರವೂ ಗೊತ್ತಿದೆ: ಒಂದು ಪರಮಾಣು ದ್ರವ್ಯರಾಶಿ ಮಾನಕ್ಕೆ 931.5 ಮೆಗಾ ಎಲೆಕ್ಟ್ರಾನ್-ವೋಲ್ಟ್. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಬಿಡಿಯಾಗಿ ತೂಗಿದರೆ 4.03188 ಮಾನ. ಅವು ಸೇರಿ ಆದ ಹೀಲಿಯಂ ನ್ಯೂಕ್ಲಿಯಸ್ 4.00151 ಮಾನ. ಕೊರತೆ 0.03037. ದರದಿಂದ ಗುಣಿಸಿದರೆ ಸುಮಾರು 28.3 ಮೆಗಾ ಎಲೆಕ್ಟ್ರಾನ್-ವೋಲ್ಟ್. ಇದೇ ಬಂಧನ ಶಕ್ತಿ. ಇದು ಹೀಲಿಯಂ ಬಳಿ ಇರುವ ಶಕ್ತಿ ಎಂದು ಬರೆಯಬೇಡಿ. ನ್ಯೂಕ್ಲಿಯಸ್ ಕಟ್ಟುವಾಗ ಹೊರಗೆ ಹೋದ, ಮತ್ತೆ ಬಿಡಿಸಬೇಕೆಂದರೆ ನಾವು ಹಿಂದಕ್ಕೆ ಕೊಡಬೇಕಾದ ಮೊತ್ತ ಅದು.

ಈಗ ಈ ಲೇಖನ ಬರೆಯಲು ನನಗೆ ಆಸೆ ಹುಟ್ಟಿಸಿದ ಸಂಗತಿಗೆ ಬರುತ್ತೇನೆ. ಕಾರ್ಬನ್-14 ಬೀಟಾ ಕ್ಷಯದಲ್ಲಿ ನೈಟ್ರೋಜನ್-14 ಆಗಿ ಒಂದು ಎಲೆಕ್ಟ್ರಾನನ್ನು ಹೊರಹಾಕುತ್ತದೆ. ಆವೇಶ ತಾಳೆಯಾಗುತ್ತದೆ: 6 ಇದ್ದದ್ದು 7 ಮೈನಸ್ 1. ಆದರೆ ಶಕ್ತಿ? ಮೊದಲಿನ ಮತ್ತು ನಂತರದ ನ್ಯೂಕ್ಲಿಯಸ್‌ಗಳ ದ್ರವ್ಯರಾಶಿ ನಿಗದಿಯಾಗಿರುವುದರಿಂದ ಎಲೆಕ್ಟ್ರಾನಿಗೆ ಪ್ರತಿ ಸಲವೂ ಸುಮಾರು 156 ಕಿಲೋ ಎಲೆಕ್ಟ್ರಾನ್-ವೋಲ್ಟ್ ಸಿಗಬೇಕು. ಅಳೆದರೆ ಸೊನ್ನೆಯಿಂದ 156ರವರೆಗೆ ಎಷ್ಟು ಬೇಕಾದರೂ ಇರುತ್ತದೆ, ಸರಾಸರಿ ಸುಮಾರು 49 ಮಾತ್ರ. ಬೀಟಾ ಕ್ಷಯದ ಈ ವಿಚಿತ್ರವನ್ನು ಜೇಮ್ಸ್ ಚಾಡ್ವಿಕ್ 1914ರಲ್ಲೇ ಬೇರೊಂದು ಧಾತುವಿನಲ್ಲಿ ಕಂಡಿದ್ದರು. 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ಶಾಖವನ್ನೇ ಅಳೆದು ನೋಡಿದರು. ಕಾಣೆಯಾದ ಶಕ್ತಿ ಅಲ್ಲಿಯೂ ಸಿಗಲಿಲ್ಲ.

ನೀಲ್ಸ್ ಬೋರ್ ಅವರಂಥ ದೊಡ್ಡ ವಿಜ್ಞಾನಿಯೇ, ನ್ಯೂಕ್ಲಿಯಸ್ಸಿನೊಳಗೆ ಶಕ್ತಿ ಪ್ರತಿ ಸಲವೂ ತಾಳೆಯಾಗಬೇಕೆಂದಿಲ್ಲವೇನೋ ಎಂದು ಯೋಚಿಸತೊಡಗಿದ್ದರು. ಅಂದರೆ ಲೆಕ್ಕದ ಪುಸ್ತಕವನ್ನೇ ಬಿಟ್ಟುಬಿಡುವ ಮಾತು. 30 ವರ್ಷದ ವೋಲ್ಫ್‌ಗಾಂಗ್ ಪೌಲಿ ಅದಕ್ಕೆ ಒಪ್ಪಲಿಲ್ಲ. 1930ರ ಡಿಸೆಂಬರ್ 4ರಂದು ಜ್ಯೂರಿಕ್‌ನಿಂದ, ಟ್ಯೂಬಿಂಗೆನ್ ನಗರದಲ್ಲಿ ಸೇರಿದ್ದ ವಿಜ್ಞಾನಿಗಳಿಗೆ ಒಂದು ಪತ್ರ ಬರೆದರು. ಆವೇಶವಿಲ್ಲದ, ಯಾರ ಕಣ್ಣಿಗೂ ಬೀಳದ ಒಂದು ಕಣ ಎಲೆಕ್ಟ್ರಾನಿನ ಜೊತೆ ಹೊರಬರುತ್ತಿರಬಹುದು, ಉಳಿದ ಶಕ್ತಿ ಅದರ ಪಾಲು ಎಂದು ಸೂಚಿಸಿದರು.

ಕಾಮರ್ಸ್ ಗೆಳೆಯರಿಗೆ ಇದು ಏನೆಂದು ಕೂಡಲೇ ಗೊತ್ತಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ, ಬಿಟ್ಟುಹೋದ ದಾಖಲೆ ಸಿಕ್ಕ ದಿನ ಅದನ್ನು ಮುಚ್ಚುತ್ತೇವೆ. ಪೌಲಿ ತೆರೆದ ಸಸ್ಪೆನ್ಸ್ ಖಾತೆಗೆ ನ್ಯೂಟ್ರಿನೊ ಎಂಬ ಹೆಸರು ಬಂತು. ಅದು 26 ವರ್ಷ ಹಾಗೆಯೇ ಇತ್ತು. 1956ರಲ್ಲಿ ಅಮೆರಿಕದ ಸವಾನಾ ರಿವರ್ ಅಣು ರಿಯಾಕ್ಟರಿನ ಬಳಿ ಕ್ಲೈಡ್ ಕೋವನ್ ಮತ್ತು ಫ್ರೆಡರಿಕ್ ರೈನ್ಸ್ ಅದನ್ನು ಪತ್ತೆ ಹಚ್ಚಿದರು. ಬೀಟಾ ಕ್ಷಯದಲ್ಲಿ ಬರುವ ಪ್ರತಿ-ನ್ಯೂಟ್ರಿನೊ ಒಂದು ಪ್ರೋಟಾನಿಗೆ ತಾಗಿ ನ್ಯೂಟ್ರಾನ್ ಮತ್ತು ಪಾಸಿಟ್ರಾನ್ ಹುಟ್ಟಿದ್ದು ದಾಖಲಾಯಿತು. ಖಾತೆ ಮುಚ್ಚಿತು.

ನ್ಯೂಟ್ರಿನೊ ಕಥೆಯಲ್ಲಿ ನಮ್ಮ ರಾಜ್ಯದ ಪುಟವೂ ಒಂದಿದೆ. ವಾತಾವರಣದಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊಗಳ ಗುರುತು ಮೊದಲು ಸಿಕ್ಕಿದ್ದು 1965ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ಉಪಕರಣ ಇಟ್ಟಿದ್ದರು. ಬಹುತೇಕ ಅದೇ ಸಮಯದಲ್ಲಿ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ರೈನ್ಸ್ ತಂಡಕ್ಕೂ ಅವು ಸಿಕ್ಕವು. ಅಷ್ಟು ಆಳ ಏಕೆ ಬೇಕಿತ್ತು? ಬೇರೆ ಕಣಗಳನ್ನು ಮೇಲಿನ ಬಂಡೆ ಬಹುಪಾಲು ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯುವುದಿಲ್ಲ. ಬಂಡೆಯೊಳಗೆ ಅಪರೂಪಕ್ಕೊಮ್ಮೆ ಅದು ತಾಗಿದಾಗ ಹುಟ್ಟುವ ಮ್ಯುಆನ್ ಕಣ ಅಡ್ಡಲಾಗಿ ಹಾದುಹೋಗುವುದನ್ನು ಅವರು ಕಂಡರು. ಗಣಿ 2001ರಲ್ಲಿ ಮುಚ್ಚಿತು. ಕೆಜಿಎಫ್ ಎಂದರೆ ಸಿನಿಮಾ ಮಾತ್ರ ನೆನಪಾಗುವ ನಮ್ಮ ವಯಸ್ಸಿನವರು ಇದನ್ನೂ ತಿಳಿದಿರಬೇಕು.

ಕಣಗಳಿಗೆ ಇನ್ನೂ ಎರಡು ಖಾತೆಗಳಿವೆ. ಪ್ರೋಟಾನ್, ನ್ಯೂಟ್ರಾನಿಗೆ ಬೇರಿಯಾನ್ ಸಂಖ್ಯೆ 1. ಎಲೆಕ್ಟ್ರಾನ್, ನ್ಯೂಟ್ರಿನೊಗೆ ಲೆಪ್ಟಾನ್ ಸಂಖ್ಯೆ 1. ಪಾಸಿಟ್ರಾನ್, ಪ್ರತಿ-ನ್ಯೂಟ್ರಿನೊಗೆ ಲೆಪ್ಟಾನ್ ಸಂಖ್ಯೆ ಮೈನಸ್ 1. ಪ್ರೋಟಾನಿನೊಳಗೆ ಎರಡು ಅಪ್, ಒಂದು ಡೌನ್ ಕ್ವಾರ್ಕ್: 2/3 + 2/3 − 1/3 = 1. ನ್ಯೂಟ್ರಾನಿನೊಳಗೆ ಒಂದು ಅಪ್, ಎರಡು ಡೌನ್: 2/3 − 1/3 − 1/3 = 0. ಬೀಟಾ ಕ್ಷಯದಲ್ಲಿ ಒಂದು ಡೌನ್ ಕ್ವಾರ್ಕ್ ಅಪ್ ಆಗುತ್ತದೆ, ಎಲೆಕ್ಟ್ರಾನ್ ಮತ್ತು ಪ್ರತಿ-ನ್ಯೂಟ್ರಿನೊ ಹೊರಬರುತ್ತವೆ. ನಾಲ್ಕೂ ಖಾತೆ ನೀವೇ ತಾಳೆ ನೋಡಿ.

ಎರಡು ಎಚ್ಚರಿಕೆ

ಒಂದು, ರೂಪಾಯಿಗೆ ದಿಕ್ಕಿಲ್ಲ, ಸಂವೇಗಕ್ಕೆ ಇದೆ. ಒಂದೇ ತೂಕದ ಎರಡು ಟ್ರಾಲಿಗಳು ಒಂದೇ ವೇಗದಲ್ಲಿ ಎದುರುಬದುರಾಗಿ ಬಂದರೆ ಒಟ್ಟು ಸಂವೇಗ ಸೊನ್ನೆ. ದಿಕ್ಕು ಗುರುತಿಸದೆ ಕೂಡಿಸಬೇಡಿ.

ಎರಡು, ಒಂದೆರಡು ಖಾತೆ ತಾಳೆಯಾದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ತಪ್ಪುಗಳು ಉಳಿದಿರಬಹುದು ಎಂದು ನಮಗೆ ಕಲಿಸುತ್ತಾರೆ. ಒಂಟಿ ಪ್ರೋಟಾನ್ ನ್ಯೂಟ್ರಾನ್ ಆಗಿ ಪಾಸಿಟ್ರಾನ್ ಮತ್ತು ನ್ಯೂಟ್ರಿನೊ ಕೊಡಬಹುದೇ? ಆವೇಶ, ಬೇರಿಯಾನ್, ಲೆಪ್ಟಾನ್ ಮೂರೂ ತಾಳೆಯಾಗುತ್ತವೆ. ಆದರೆ ಪ್ರೋಟಾನಿನ ದ್ರವ್ಯರಾಶಿ ಶಕ್ತಿಯ ಲೆಕ್ಕದಲ್ಲಿ 938.3, ನ್ಯೂಟ್ರಾನಿನದು 939.6 ಮೆಗಾ ಎಲೆಕ್ಟ್ರಾನ್-ವೋಲ್ಟ್. ಇರುವುದಕ್ಕಿಂತ ಹೆಚ್ಚು ಖರ್ಚು ಮಾಡಲಾಗದು. ನ್ಯೂಕ್ಲಿಯಸ್ಸಿನೊಳಗೆ ಬೇರೆ ಕಡೆಯಿಂದ ಶಕ್ತಿ ಸಿಕ್ಕರೆ ಮಾತ್ರ ಇದು ನಡೆಯುತ್ತದೆ. ಆದ್ದರಿಂದ ಎಲ್ಲ ಖಾತೆಗಳನ್ನೂ ನೋಡಿ.

ಸ್ವಯಂ ಪರೀಕ್ಷೆ

ಕೆಸಿಇಟಿ ಭೌತಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡ್. ಗಡಿಯಾರ ಇಟ್ಟುಕೊಂಡು ಇವನ್ನು ಬಿಡಿಸಿ.

1. 4 ಕೆಜಿ ಬಂದೂಕಿನಿಂದ 20 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಬಂದೂಕು ಹಿಮ್ಮೆಟ್ಟುವ ವೇಗ ಎಷ್ಟು?
2. ಉಪಗ್ರಹದ ಚಲನ ಶಕ್ತಿ 5 ಗಿಗಾ ಜೂಲ್ ಇದ್ದರೆ ಒಟ್ಟು ಶಕ್ತಿ ಎಷ್ಟು?
3. ಕಾಂತಕ್ಷೇತ್ರದಲ್ಲಿ ಅರ್ಧ ವೃತ್ತ ಸುತ್ತಿದ ಎಲೆಕ್ಟ್ರಾನಿನ ಮೇಲೆ ಆದ ಕೆಲಸ ಎಷ್ಟು?
4. ನ್ಯೂಟ್ರಾನ್ ಬರೀ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಒಡೆಯಬಹುದೇ?
5. ಪ್ರೋಟಾನ್ ಒಂದು ಪಾಸಿಟ್ರಾನ್ ಮತ್ತು ಫೋಟಾನ್ ಆಗಿ ಒಡೆದರೆ ಯಾವ ಖಾತೆಗಳು ತಪ್ಪುತ್ತವೆ?

ಉತ್ತರ: 1. ಆರಂಭದ ಶಿಲ್ಕು ಸೊನ್ನೆ; ಸೆಕೆಂಡಿಗೆ 2 ಮೀಟರ್, ಹಿಂದಕ್ಕೆ. 2. ಮೈನಸ್ 5 ಗಿಗಾ ಜೂಲ್. 3. ಸೊನ್ನೆ. 4. ಇಲ್ಲ, ಲೆಪ್ಟಾನ್ ಖಾತೆ 0 ಇದ್ದದ್ದು 1 ಆಗುತ್ತದೆ. 5. ಬೇರಿಯಾನ್ ಮತ್ತು ಲೆಪ್ಟಾನ್. ಇಂಥ ಪ್ರೋಟಾನ್ ಕ್ಷಯವನ್ನು 1980ರ ದಶಕದಲ್ಲಿ ಕೋಲಾರದ ಗಣಿಯಲ್ಲೂ ಹುಡುಕಿದರು. ಪ್ರೋಟಾನ್ ಒಡೆಯುವುದು ಈವರೆಗೆ ಎಲ್ಲಿಯೂ ಖಚಿತವಾಗಿ ಕಂಡಿಲ್ಲ.

ಕೊನೆಯದಾಗಿ ಒಂದು ಸಲಹೆ. ವಿಜ್ಞಾನ ವಿಭಾಗದವರು ಓದುವಾಗ ಪಕ್ಕದಲ್ಲಿ ಒಬ್ಬ ಕಾಮರ್ಸ್ ವಿದ್ಯಾರ್ಥಿಯನ್ನು ಕೂರಿಸಿಕೊಳ್ಳಿ. ನಮಗೆ ಸೂತ್ರ ಗೊತ್ತಿರುವುದಿಲ್ಲ, ಆದ್ದರಿಂದ ‘ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು’ ಎಂದು ಬಿಡದೆ ಕೇಳುತ್ತೇವೆ. ಅದಕ್ಕೆ ನಿಮ್ಮ ಮಾತಿನಲ್ಲಿ ಉತ್ತರ ಹೇಳಲು ಬಂದರೆ ಪರೀಕ್ಷೆಯಲ್ಲಿ ಸೂತ್ರ ಕೈಕೊಟ್ಟರೂ ಲೆಕ್ಕ ಕೈಕೊಡುವುದಿಲ್ಲ. ಪರೀಕ್ಷೆ ಬರೆಯಲಿರುವ ಎರಡೂ ವಿಭಾಗದ ಗೆಳೆಯ ಗೆಳತಿಯರಿಗೆ ಶುಭ ಹಾರೈಕೆಗಳು.